ನೀಲಗಿರಿ ಎಲೆ ಹಿಸುಕುವ ಮುನ್ನ

ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ನೀಲಗಿರಿ ಮರ ಕಂಡರೆ ಸಾಕು, ಎಲೆಯೊಂದನ್ನು ಕಿತ್ತು, ಹಿಸುಕಿ, ಮೂಸುವುದು ನಮ್ಮೆಲ್ಲರ ಅಭ್ಯಾಸ. ಘಮ್ಮೆಂದು ಬಡಿಯುವುದು ಸಿನಿಯೋಲ್ ಎಂಬ ಎಣ್ಣೆಯಂಶ. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣುತ್ತವಲ್ಲ, ಅವೇ ಅದರ ಡಬ್ಬಿಗಳು. ಆದರೆ ನಾವು ಕೀಳುವ ಮೊದಲೇ, ಸುಮ್ಮನೆ ಬಿಸಿಲು ಕಾಯುತ್ತಿದ್ದ ಆ ಎಲೆ ಇನ್ನೊಂದು ಅನಿಲವನ್ನು ಬಿಡುತ್ತಿತ್ತು: ಐಸೊಪ್ರೀನ್. ಇದಕ್ಕೆ ಡಬ್ಬಿಯಿಲ್ಲ. ಬಿಸಿಲು ಬಿದ್ದಂತೆ ತಯಾರಿ, ತಯಾರಾದಂತೆ ಹೊರಗೆ. ಕತ್ತಲಾದರೆ ಅಂಗಡಿ ಬಂದ್. ಕಾಡಿನಲ್ಲಿ ನಿಂತ ನಮ್ಮ ಮೂಗಿಗೆ ಸುಳಿವೇ ಹತ್ತುವುದಿಲ್ಲ. ಆದರೂ ಜಗತ್ತಿನ ಗಿಡಮರಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಬಿಡುತ್ತವೆಂಬ ಅಂದಾಜಿದೆ.

ಇಷ್ಟು ಬಿಟ್ಟರೂ ಗಾಳಿಯಲ್ಲಿ ಹುಡುಕಿದರೆ ಸಿಗುವುದು ನೂರು ಕೋಟಿ ಅಣುಗಳಿಗೆ ಬೆರಳೆಣಿಕೆಯಷ್ಟು. ಹಗಲಲ್ಲಿ ಗಾಳಿಯಲ್ಲೇ ಇರುವ ಹೈಡ್ರಾಕ್ಸಿಲ್ ಎಂಬ ಮುಂಗೋಪಿ ಕಣ ಅದನ್ನು ಒಂದೆರಡು ಗಂಟೆಯಲ್ಲೇ ಮುಗಿಸಿಬಿಡುತ್ತದೆ. ಹಾಗಾಗಿ ಗಾಳಿಯನ್ನು ಸ್ಥಳದಲ್ಲೇ ಅಳೆಯುವುದು ಲೇಸು. ಅದಕ್ಕೊಂದು ಚಂದದ ಯಂತ್ರ 1990ರ ದಶಕದಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ರೂಪುಗೊಂಡಿತು. ಪ್ರೋಟಾನ್ ಹೊತ್ತ ನೀರಿನ ಅಣುಗಳ ನಡುವೆ ಗಾಳಿಯನ್ನು ಹಾಯಿಸುತ್ತಾರೆ. ಕೈ ಚಾಚಿದವರಿಗಷ್ಟೇ ತಾಂಬೂಲ ಎನ್ನುವ ಹಾಗೆ, ನೈಟ್ರೋಜನ್, ಆಕ್ಸಿಜನ್ ಸುಮ್ಮನೆ ದಾಟುತ್ತವೆ. ಐಸೊಪ್ರೀನ್ ಪ್ರೋಟಾನ್ ಈಸಿಕೊಳ್ಳುತ್ತದೆ. 68 ಅಣುತೂಕದ್ದು 69 ಆಗಿ ತಕ್ಕಡಿಗೆ ಬೀಳುತ್ತದೆ. ತಕರಾರು ಇಲ್ಲದಿಲ್ಲ. ಗಿಡಮರಗಳ ಘಮದ ಪೈನೀನ್, ಲಿಮೊನೀನ್ ಎರಡರ ತೂಕವೂ 136. ತಕ್ಕಡಿಗೆ ಅವೆರಡೂ ಒಂದೇ.

ಇನ್ನು ಮರಗಳು ಒಟ್ಟು ಎಷ್ಟು ಬಿಡುತ್ತವೆಂಬ ಲೆಕ್ಕ. 30 ಡಿಗ್ರಿ ಸೆಖೆ, ಪ್ರಖರ ಬೆಳಕಿನಲ್ಲಿ ಒಂದು ಜಾತಿಯ ಮರ ಎಷ್ಟು ಬಿಡುತ್ತದೆಂದು ಅಳೆದಿಟ್ಟುಕೊಂಡು, ಆ ದಿನದ ಬಿಸಿಲು, ಸೆಖೆ, ಎಲೆಯ ವಯಸ್ಸಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುತ್ತಾರೆ. ಮೆಗಾನ್ ಎಂಬ ಹೆಸರಾಂತ ಕಂಪ್ಯೂಟರ್ ಲೆಕ್ಕದ ಮಾದರಿ ನಡೆಯುವುದು ಹೆಚ್ಚುಕಡಿಮೆ ಹೀಗೆಯೇ. ನನ್ನನ್ನು ಕೇಳಿದರೆ ಕಷ್ಟ ಸಮೀಕರಣದಲ್ಲಿಲ್ಲ, ಮರದಲ್ಲಿದೆ. ಅಮೆರಿಕದ ಓಕ್‌ಗಳು ಐಸೊಪ್ರೀನ್ ಸುರಿಸಿದರೆ, ಮೆಡಿಟರೇನಿಯನ್ ತೀರದ ಅವುಗಳ ದಾಯಾದಿಯೊಂದು ಪೈನೀನ್ ಬಿಡುತ್ತದೆ. ಕುಲ ಒಂದೇ, ಗುಣ ಬೇರೆ. ಇನ್ನು ನಾನಾ ದೇಶಗಳಿಂದ ಬಂದ ಮರಗಳು ಸಾಲುಗಟ್ಟಿರುವ ಬೆಂಗಳೂರಿಗೆ ಒಂದೇ ಸರಾಸರಿ ಹಾಕಿದರೆ ಹೇಗೆ?

ಕಬ್ಬನ್ ಪಾರ್ಕಿನ ಬಿದಿರುಮೆಳೆಯನ್ನೇ ನೋಡಿ. ಐಸೊಪ್ರೀನ್ ಬಿಡುವುದರಲ್ಲಿ ಬಿದಿರು ಎತ್ತಿದ ಕೈ. ಕೂಗಳತೆಯಲ್ಲಿ ಹಡ್ಸನ್ ಸರ್ಕಲ್. ಅಲ್ಲಿನ ವಾಹನಗಳ ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಲ್ಲಿ ಇದರ ಜೊತೆ ಕೂಡಿದರೆ ಓಝೋನ್ ಹುಟ್ಟುತ್ತದೆ. ಜೊತೆಗೆ ಹೊಗೆಯಲ್ಲೂ ಒಂದಿಷ್ಟು ಐಸೊಪ್ರೀನ್ ಇರುತ್ತದೆ. ಯಾವುದು ಬಿದಿರಿನದು, ಯಾವುದು ಬಸ್ಸಿನದು ಎಂದು ಬಿಡಿಸಲು ಒಂದು ಉಪಾಯವುಂಟು: ನಡುರಾತ್ರಿಯೂ ಅಳೆಯಬೇಕು. ಆಗ ಬಿದಿರು ಮಲಗಿರುತ್ತದೆ.