ಕ್ಯಾನ್ಸರ್ ಹರಡುವಾಗ ಬಿಳಿ ರಕ್ತಕಣಗಳು ಏನು ಮಾಡುತ್ತಿರುತ್ತವೆ?

ಸ್ತನದಲ್ಲಿ ಹುಟ್ಟಿದ ಗಡ್ಡೆ ಸ್ತನದಲ್ಲೇ ಉಳಿದರೆ ಅದರಿಂದ ಜೀವ ಹೋಗುವುದು ಅಪರೂಪ. ಜೀವ ತೆಗೆಯುವುದು ಅಲ್ಲಿಂದ ಹೊರಟು ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳಿನಲ್ಲಿ ಬೀಡುಬಿಟ್ಟ ಕೋಶಗಳು. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾಯಿತು, ಸುಮಾರು 6.7 ಲಕ್ಷ ಮಂದಿ ಅದೇ ರೋಗದಿಂದ ತೀರಿಕೊಂಡರು. ಈ ಸಾವುಗಳಲ್ಲಿ ಬಹುಪಾಲಿಗೆ ಕಾರಣ ಹರಡಿದ ರೋಗ. ಒಂದು ಕೋಶ ತನ್ನ ಜಾಗ ಬಿಟ್ಟು, ರಕ್ತನಾಳದೊಳಗೆ ನುಸುಳಿ, ಪರಸ್ಥಳದಲ್ಲಿ ಬೇರೂರುವುದು ಹೇಗೆ ಎಂಬ ಪ್ರಶ್ನೆಗೆ ಬಹುಕಾಲ ಕ್ಯಾನ್ಸರ್ ಕೋಶದೊಳಗೇ ಉತ್ತರ ಹುಡುಕಲಾಯಿತು. ಅದಕ್ಕೆ ದಾರಿ ಮಾಡಿಕೊಡುವವರಲ್ಲಿ ನಮ್ಮದೇ ಬಿಳಿ ರಕ್ತಕಣಗಳೂ ಇವೆ ಎಂಬುದು ಪ್ರಯೋಗದಿಂದ ಖಚಿತವಾಗಿ ಇನ್ನೂ ಮೂರು ದಶಕವೂ ಆಗಿಲ್ಲ.

ಸುಳಿವು ಮಾತ್ರ ಹಳೆಯದು. 1889ರಲ್ಲಿ ಲಂಡನ್ನಿನ ಶಸ್ತ್ರಚಿಕಿತ್ಸಕ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಹಿಳೆಯರ ಮರಣೋತ್ತರ ದಾಖಲೆಗಳನ್ನು ಜಾಲಾಡಿದರು. ಕ್ಯಾನ್ಸರ್ ಕೋಶಗಳು ರಕ್ತದಲ್ಲಿ ತೇಲಿ ಸಿಕ್ಕಲ್ಲಿ ನಿಲ್ಲುವುದಾದರೆ, ಧಾರಾಳವಾಗಿ ರಕ್ತ ಹರಿಯುವ ಗುಲ್ಮದಲ್ಲೂ (ಸ್ಪ್ಲೀನ್) ಅವು ಸಾಕಷ್ಟು ಸಿಗಬೇಕಿತ್ತು. ಸಿಕ್ಕಿದ್ದು 17 ಮಂದಿಯಲ್ಲಿ. ಯಕೃತ್ತಿನಲ್ಲಾದರೋ 241 ಮಂದಿಯಲ್ಲಿ. ಬೀಜ ಎಲ್ಲ ಕಡೆ ಬೀಳುತ್ತದೆ, ಮೊಳೆಯುವುದು ಹದವಾದ ಮಣ್ಣಿನಲ್ಲಿ ಮಾತ್ರ ಎಂದು ಪ್ಯಾಜೆಟ್ ವಾದಿಸಿದರು. ಎಲ್ಲರೂ ಬೀಜವನ್ನು ನೋಡುತ್ತಿದ್ದ ಕಾಲದಲ್ಲಿ ಮಣ್ಣಿನ ಕಡೆ ಬೆರಳು ತೋರಿಸಿದ ಈ ಮಾತಿಗೆ ಮುಂದಿನ ಹಲವು ದಶಕ ಕಿವಿಗೊಟ್ಟವರು ಕಡಿಮೆ.

ಅದಕ್ಕೂ ಮುಂಚೆ, 1863ರಲ್ಲೇ, ಜರ್ಮನಿಯ ರುಡಾಲ್ಫ್ ವಿರ್ಕೋ ಗಡ್ಡೆಗಳೊಳಗೆ ಬಿಳಿ ರಕ್ತಕಣಗಳನ್ನು ಗುರುತಿಸಿ, ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿರಬೇಕು ಎಂದಿದ್ದರು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಆ ಕಣಗಳಿಗೆ ಬೇರೆಯೇ ಅರ್ಥ ಬಂತು. 1950ರ ದಶಕದ ಕೊನೆಗೆ ಆಸ್ಟ್ರೇಲಿಯಾದ ವಿಜ್ಞಾನಿ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಅಮೆರಿಕದ ವೈದ್ಯ ಲೂಯಿಸ್ ಥಾಮಸ್ ಮುಂದಿಟ್ಟ ವಾದದ ಪ್ರಕಾರ ರೋಗನಿರೋಧಕ ವ್ಯವಸ್ಥೆ ಸದಾ ಗಸ್ತು ತಿರುಗುತ್ತಾ ದಾರಿ ತಪ್ಪಿದ ಕೋಶಗಳನ್ನು ಹೊಸಕಿ ಹಾಕುತ್ತಿರುತ್ತದೆ. ಈ ವಾದದಲ್ಲಿ ಸತ್ಯವಿದೆ, ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಇಂದಿನ ಇಮ್ಯುನೋಥೆರಪಿ ನಿಂತಿರುವುದೂ ಅದರ ಮೇಲೆಯೇ. ಆದರೆ ಅದರಿಂದ ಒಂದು ಪೂರ್ವಗ್ರಹವೂ ಬೆಳೆಯಿತು: ಗಡ್ಡೆಯೊಳಗೆ ಬಿಳಿ ರಕ್ತಕಣ ಕಂಡರೆ ಅದು ಕಾದಾಡಲು ಬಂದದ್ದೇ ಇರಬೇಕು. 1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್, ಗಡ್ಡೆ ಎಂದರೆ ಮಾಯದ ಗಾಯ ಎಂದು ಬರೆದಾಗ ಆ ಪೂರ್ವಗ್ರಹ ಅಲುಗಿತು. ಗಾಯಕ್ಕೆ ಬರುವ ಕಣಗಳು ಸೂಕ್ಷ್ಮಾಣುಗಳನ್ನು ಕೊಲ್ಲುವುದಷ್ಟೇ ಅಲ್ಲ, ಹೊಸ ರಕ್ತನಾಳ ಬೆಳೆಸುತ್ತವೆ, ಅಂಗಾಂಶವನ್ನು ಸಡಿಲಿಸುತ್ತವೆ, ಕೋಶಗಳು ಸರಿದಾಡಲು ಜಾಗ ಮಾಡಿಕೊಡುತ್ತವೆ. ಗಡ್ಡೆಗೆ ಬೇಕಾದದ್ದೂ ಇಷ್ಟೇ.

ನಿರ್ಣಾಯಕ ಪ್ರಯೋಗ ನಡೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ. ಅಲ್ಲಿನ ಜೆಫ್ರಿ ಪೊಲಾರ್ಡ್ ಗರ್ಭಕೋಶದಲ್ಲಿ, ಬೆಳೆಯುತ್ತಿರುವ ಸ್ತನದಲ್ಲಿ ಮ್ಯಾಕ್ರೋಫೇಜ್‌ಗಳಿಗೆ ಏನು ಕೆಲಸ ಎಂದು ನೋಡುತ್ತಿದ್ದವರು. ಮ್ಯಾಕ್ರೋಫೇಜ್ ಎಂದರೆ ಕಸ, ಸತ್ತ ಕೋಶ, ಸೂಕ್ಷ್ಮಾಣು ಎಲ್ಲವನ್ನೂ ನುಂಗುವ, ಬಿಳಿ ರಕ್ತಕಣಗಳ ಬಳಗದ ದೊಡ್ಡ ಕೋಶ. ಎಳೆಯ ಸ್ತನದಲ್ಲಿ ಹಾಲಿನ ನಾಳಗಳು ಸರಿಯಾಗಿ ಕವಲೊಡೆಯಬೇಕಾದರೂ ಅದು ಬೇಕು. ಅವರ ಬಳಿ ವಿಚಿತ್ರ ಇಲಿಗಳ ಒಂದು ತಳಿ ಇತ್ತು. ಮ್ಯಾಕ್ರೋಫೇಜ್‌ಗಳನ್ನು ಬೆಳೆಸುವ ಸಿಎಸ್‌ಎಫ್-1 ಎಂಬ ಪ್ರೋಟೀನ್ ಆ ಇಲಿಗಳಲ್ಲಿ ಇರಲಿಲ್ಲ. ಮ್ಯಾಕ್ರೋಫೇಜ್‌ಗಳ ದಾಯಾದಿಗಳಾದ, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳೂ ಅವುಗಳಲ್ಲಿ ಕಡಿಮೆ. ಹಾಗಾಗಿ ಹಲ್ಲು ದವಡೆಯನ್ನು ಸೀಳಿಕೊಂಡು ಹೊರಬರುತ್ತಿರಲಿಲ್ಲ. ಮೆತ್ತನೆಯ ಆಹಾರ ಕೊಟ್ಟು ಸಾಕಬೇಕಿತ್ತು.

ಈ ಬೊಚ್ಚುಬಾಯಿ ಇಲಿಗಳನ್ನು, ತಪ್ಪದೆ ಸ್ತನ ಕ್ಯಾನ್ಸರ್ ಬಂದು ಶ್ವಾಸಕೋಶಕ್ಕೆ ಹರಡುವ ಇನ್ನೊಂದು ತಳಿಯೊಂದಿಗೆ ಪೊಲಾರ್ಡ್ ಮತ್ತು ಎಲೇನ್ ಲಿನ್ ತಂಡ ಕೂಡಿಸಿತು. 2001ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸಿಎಸ್‌ಎಫ್-1 ಇರಲಿ, ಇಲ್ಲದಿರಲಿ, ಸ್ತನದಲ್ಲಿ ಗಡ್ಡೆ ಹುಟ್ಟುವುದರಲ್ಲಿ, ಬೆಳೆಯುವುದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಮ್ಯಾಕ್ರೋಫೇಜ್‌ಗಳ ಕೊರತೆ ಇದ್ದ ಇಲಿಗಳಲ್ಲಿ ಗಡ್ಡೆ ಉಗ್ರರೂಪ ತಾಳುವುದು ತಡವಾಯಿತು, ಶ್ವಾಸಕೋಶಕ್ಕೆ ಹರಡುವುದು ಬಹಳ ಮಟ್ಟಿಗೆ ನಿಂತಿತು. ಅದೇ ಇಲಿಗಳ ಸ್ತನದಲ್ಲಿ ಮಾತ್ರ ಸಿಎಸ್‌ಎಫ್-1 ತಯಾರಾಗುವಂತೆ ಮಾಡಿದಾಗ ಹರಡುವಿಕೆ ಮರಳಿತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುವು ಇದೇ. ಗಡ್ಡೆ ಬೆಳೆಯುವುದು ಬೇರೆ, ಹರಡುವುದು ಬೇರೆ ಎಂದು ಅದು ಎರಡನ್ನೂ ಬಿಡಿಸಿ ತೋರಿಸಿತು.

ಅದೇ ಕಾಲೇಜಿನ ಜಾನ್ ಕಾಂಡೀಲಿಸ್ ತಂಡ ಜೀವಂತ ಇಲಿಯ ಗಡ್ಡೆಯೊಳಗೆ ಸೂಕ್ಷ್ಮದರ್ಶಕ ಇಳಿಸಿ ಕಣ್ಣಾರೆ ಕಂಡದ್ದು ಇನ್ನೂ ಸ್ವಾರಸ್ಯಕರ. ಕ್ಯಾನ್ಸರ್ ಕೋಶ ಸಿಎಸ್‌ಎಫ್-1 ಸುರಿಸಿ ಮ್ಯಾಕ್ರೋಫೇಜನ್ನು ಕರೆಯುತ್ತದೆ. ಮ್ಯಾಕ್ರೋಫೇಜ್ ಇಜಿಎಫ್ ಎಂಬ ಇನ್ನೊಂದು ಪ್ರೋಟೀನ್ ಸುರಿಸಿ ಕ್ಯಾನ್ಸರ್ ಕೋಶವನ್ನು ಎಳೆಯುತ್ತದೆ. ಎರಡರಲ್ಲಿ ಯಾವ ಸಂಕೇತವನ್ನು ತಡೆದರೂ ಎರಡೂ ಕೋಶಗಳ ನಡಿಗೆ ನಿಲ್ಲುತ್ತದೆ. ಹೀಗೆ ಜೊತೆಜೊತೆಯಾಗಿ ಅವು ರಕ್ತನಾಳದ ಗೋಡೆಯವರೆಗೆ ಬರುತ್ತವೆ. ಅಲ್ಲಿ ಗೋಡೆಗೆ ಅಂಟಿ ಕುಳಿತ ಮತ್ತೊಂದು ಬಗೆಯ ಮ್ಯಾಕ್ರೋಫೇಜ್ ಕೆಲ ಹೊತ್ತು ಗೋಡೆಯನ್ನು ಸಡಿಲಗೊಳಿಸುತ್ತದೆ ಎಂದು 2015ರ ಅಧ್ಯಯನ ತೋರಿಸಿತು; ಆ ಸಂದಿನಲ್ಲಿ ಕ್ಯಾನ್ಸರ್ ಕೋಶ ರಕ್ತಕ್ಕೆ ಇಳಿಯುತ್ತದೆ. ಕ್ಯಾನ್ಸರ್ ಕೋಶ, ಮ್ಯಾಕ್ರೋಫೇಜ್, ರಕ್ತನಾಳದ ಗೋಡೆಯ ಕೋಶ ಈ ಮೂರೂ ಹೀಗೆ ಒಂದಕ್ಕೊಂದು ತಾಗಿ ಕುಳಿತ ಜಾಗಗಳು, ಮುಂದೆ ರೋಗ ಹರಡಿದ ಮಹಿಳೆಯರ ಗಡ್ಡೆಗಳಲ್ಲಿ ಹೆಚ್ಚಾಗಿ ಇದ್ದವು ಎಂಬುದು 2009ರಲ್ಲೇ ವರದಿಯಾಗಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಥಟ್ಟನೆ ಬಾಯಿಗೆ ಬರುತ್ತದೆ. ಆದರೆ ಆ ಗಾದೆ ಇಲ್ಲಿ ಒಪ್ಪುವುದಿಲ್ಲ. ಮ್ಯಾಕ್ರೋಫೇಜ್ ಯಾವ ದ್ರೋಹವನ್ನೂ ಬಗೆದಿಲ್ಲ; ಗಾಯ ಮಾಯಿಸುವಾಗ, ಸ್ತನ ಬೆಳೆಸುವಾಗ ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತದೆ.

ನ್ಯೂಟ್ರೊಫಿಲ್‌ಗಳ ಕಥೆ ಇನ್ನೂ ಈಚಿನದು. ರಕ್ತದಲ್ಲಿ ಅತಿ ಹೆಚ್ಚು ಇರುವ ಈ ಬಿಳಿ ಕಣಗಳು ಅಲ್ಪಾಯುಷಿಗಳು, ಕ್ಯಾನ್ಸರಿನಲ್ಲಿ ಅವುಗಳ ಪಾತ್ರವನ್ನು ಯಾರೂ ಗಂಭೀರವಾಗಿ ಎಣಿಸಿರಲಿಲ್ಲ. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕರಿನ್ ಡಿ ವಿಸ್ಸರ್ ತಂಡ, ಇಲಿಗಳ ಸ್ತನದ ಗಡ್ಡೆ ದೂರದಿಂದಲೇ ನ್ಯೂಟ್ರೊಫಿಲ್‌ಗಳನ್ನು ಹೆಚ್ಚಿಸಿ, ಕ್ಯಾನ್ಸರ್ ಕೊಲ್ಲಬಲ್ಲ ಟಿ ಕೋಶಗಳ ಕೈಕಟ್ಟುತ್ತದೆ ಎಂದು ತೋರಿಸಿತು. ಇಲ್ಲೂ ಅದೇ ಮಾದರಿ: ನ್ಯೂಟ್ರೊಫಿಲ್ ತೆಗೆದರೆ ಮೂಲ ಗಡ್ಡೆಗೆ ಏನೂ ಆಗಲಿಲ್ಲ, ಹರಡುವುದು ಕಡಿಮೆಯಾಯಿತು. 2018ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಿಂದ ಬಂದ ವರದಿ ನಿದ್ದೆಗೆಡಿಸುವಂಥದ್ದು. ಬ್ಯಾಕ್ಟೀರಿಯಾ ಹಿಡಿಯಲು ನ್ಯೂಟ್ರೊಫಿಲ್ ತನ್ನ ಡಿಎನ್‌ಎಯನ್ನೇ ಬಲೆಯಾಗಿ ಬೀಸುತ್ತದೆ. ತಂಬಾಕಿನ ಹೊಗೆಯಿಂದ ಇಲಿಯ ಶ್ವಾಸಕೋಶ ಊದಿಕೊಂಡಾಗ ಆ ಬಲೆಗೆ ಅಂಟಿದ ಕಿಣ್ವಗಳು ಅಂಗಾಂಶದ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಕತ್ತರಿಸಿದವು. ಆ ತುಣುಕುಗಳ ಸ್ಪರ್ಶಕ್ಕೆ, ಅಲ್ಲೇ ಸುಮ್ಮನೆ ಮಲಗಿದ್ದ ಸ್ತನ ಕ್ಯಾನ್ಸರ್ ಕೋಶಗಳು ಎದ್ದು ವಿಭಜನೆಗೊಳ್ಳತೊಡಗಿದವು.

ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಉಂಟು. ನ್ಯೂಟ್ರೊಫಿಲ್‌ಗಳು ಶ್ವಾಸಕೋಶಕ್ಕೆ ಬಂದ ಕ್ಯಾನ್ಸರ್ ಕೋಶಗಳನ್ನು ಕೊಂದದ್ದನ್ನು 2011ರಲ್ಲಿ ಇಲಿಗಳಲ್ಲೇ ಕಂಡಿದ್ದರು. ಟ್ರಿಪಲ್ ನೆಗೆಟಿವ್ ಬಗೆಯ (ಎರಡು ಹಾರ್ಮೋನ್‌ಗಳ ಗ್ರಾಹಕಗಳೂ ಹರ್2 ಎಂಬ ಪ್ರೋಟೀನಿನ ಹೆಚ್ಚಳವೂ ಇಲ್ಲದ) ಸ್ತನದ ಗಡ್ಡೆಯಲ್ಲಿ ಟಿ ಕೋಶಗಳು ಹೆಚ್ಚಿದ್ದಷ್ಟೂ ರೋಗಿಗೆ ಒಳ್ಳೆಯದು; ಆ ಬಗೆಯ ರೋಗಕ್ಕೆ ಆರಂಭಿಕ ಹಂತದಲ್ಲೇ ಕಿಮೋಥೆರಪಿಯೊಂದಿಗೆ, ಟಿ ಕೋಶಗಳಿಗೆ ಬಿದ್ದ ತಡೆಯನ್ನು ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧ ಕೊಡಲು 2021ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಕೊರೊನಾ ನಂತರ ನಮ್ಮ ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿರುವ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಕಷಾಯಗಳ ಮುಂದೆ ನಿಂತಾಗ ನನಗೆ ಕೇಳಬೇಕೆನಿಸುತ್ತದೆ: ಯಾವ ಕೋಶದ ಶಕ್ತಿ, ಯಾವ ಅಂಗದಲ್ಲಿ, ರೋಗದ ಯಾವ ಹಂತದಲ್ಲಿ?

ಹರಡಲು ನೆರವಾಗುವ ಕೋಶಗಳನ್ನು ತಡೆಯುವ ಔಷಧ ಅಷ್ಟು ಸುಲಭವಾಗಿ ಒಲಿದಿಲ್ಲ. ಮ್ಯಾಕ್ರೋಫೇಜ್ ಆಗಲಿರುವ ಎಳೆಯ ಕಣಗಳನ್ನು ಗಡ್ಡೆಗೆ ಕರೆಸುವ ಸಿಸಿಎಲ್2 ಎಂಬ ಸಂಕೇತವನ್ನು ತಡೆದರೆ ಇಲಿಗಳಲ್ಲಿ ಹರಡುವಿಕೆ ಇಳಿಯುತ್ತದೆ ಎಂದು ಪೊಲಾರ್ಡ್ ತಂಡವೇ 2011ರಲ್ಲಿ ತೋರಿಸಿತ್ತು. ಮೂರು ವರ್ಷಗಳ ಬಳಿಕ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿ ನೋಡಿದರು. ಅಸ್ಥಿಮಜ್ಜೆಯಲ್ಲಿ ತಡೆದು ನಿಂತಿದ್ದ ಕಣಗಳು ಒಮ್ಮೆಗೇ ಹೊರನುಗ್ಗಿ, ರೋಗ ಮೊದಲಿಗಿಂತ ವೇಗವಾಗಿ ಹರಡಿ, ಇಲಿಗಳು ಬೇಗ ಸತ್ತವು. ಸಿಎಸ್‌ಎಫ್-1ರ ದಾರಿ ಮುಚ್ಚುವ ಪೆಕ್ಸಿಡಾರ್ಟಿನಿಬ್ 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು, ಆದರೆ ಕೀಲುಗಳಲ್ಲಿ ಬರುವ ಒಂದು ಅಪರೂಪದ ಗಡ್ಡೆಗೆ.

ಮೂಳೆಯಲ್ಲಿ ಮಾತ್ರ ಒಂದಿಷ್ಟು ಗೆಲುವು ಸಿಕ್ಕಿದೆ. ಅಲ್ಲಿಗೆ ಬಂದ ಸ್ತನ ಕ್ಯಾನ್ಸರ್ ಕೋಶಗಳು ಆಸ್ಟಿಯೋಕ್ಲಾಸ್ಟ್‌ಗಳನ್ನು ಕೆರಳಿಸಿ ಮೂಳೆ ಕರಗಿಸುತ್ತವೆ, ಕರಗಿದ ಮೂಳೆಯಿಂದ ಹೊರಬಂದ, ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನ್‌ಗಳಿಂದ ಕೊಬ್ಬುತ್ತವೆ. ಜೊಲೆಡ್ರಾನಿಕ್ ಆಮ್ಲ, ಡೆನೊಸುಮ್ಯಾಬ್ ಚುಚ್ಚುಮದ್ದುಗಳು ಆಸ್ಟಿಯೋಕ್ಲಾಸ್ಟ್‌ಗಳನ್ನು ಸುಮ್ಮನಾಗಿಸುತ್ತವೆ. ಜೊಲೆಡ್ರಾನಿಕ್ ಆಮ್ಲದ ಗುಂಪಿನ ಔಷಧಗಳ ಕುರಿತು 18,766 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮುಟ್ಟು ನಿಂತ ಮಹಿಳೆಯರಿಗೆ ಅವುಗಳನ್ನು ಆರಂಭದಲ್ಲೇ ಕೊಟ್ಟರೆ ರೋಗ ಮೂಳೆಗೆ ಮರುಕಳಿಸುವುದೂ ಸಾವೂ ಕಡಿಮೆಯಾದದ್ದು ಕಂಡಿತು. ಮುಟ್ಟು ನಿಲ್ಲದವರಲ್ಲಿ ಆ ಲಾಭ ಕಾಣಲಿಲ್ಲ. ಈ ಚುಚ್ಚುಮದ್ದು ಶುರು ಮಾಡುವ ಮೊದಲು ದಂತವೈದ್ಯರ ಬಳಿ ಹೋಗಿಬನ್ನಿ ಎಂದು ಕ್ಯಾನ್ಸರ್ ತಜ್ಞರು ಹೇಳುತ್ತಾರೆ. ಆಸ್ಟಿಯೋಕ್ಲಾಸ್ಟ್‌ಗಳು ಸುಮ್ಮನಾದ ದವಡೆಯಲ್ಲಿ ಹಲ್ಲು ಕೀಳಿಸಿದರೆ ಆ ಜಾಗ ಕೆಲವರಲ್ಲಿ ಮಾಯುವುದಿಲ್ಲ.