ಟೋಪಿಯ ಮೇಲಿನ ಮೂರು ಅಕ್ಷರ

ಹಳೇ ಪದಕ, ಬ್ಯಾಡ್ಜುಗಳನ್ನು ನೋಡಿ ಅಸಲಿಯೋ ನಕಲಿಯೋ ಹೇಳುವುದು ನನ್ನ ಕಸುಬು. ಹೋದ ತಿಂಗಳು ಒಬ್ಬರು ಸಣ್ಣದೊಂದು ಬಿಲ್ಲೆ ತಂದು ಮೇಜಿನ ಮೇಲಿಟ್ಟರು. "ಸಾರ್, ಆಸ್ಟ್ರಿಯಾ ಸೈನಿಕರ ಟೋಪಿಯದ್ದು ಅಂತ ಕೊಂಡೆ. ಎಫ್-ಜೆ-ಐ ಅಂತ ಇರಬೇಕಿತ್ತು, ಇದರಲ್ಲಿ ಐ-ಎಫ್-ಜೆ ಅಂತಿದೆ. ಮೋಸ ಹೋದ್ನಾ?"

ಹೋಗಿರಲಿಲ್ಲ. ಅಕ್ಷರ ಹಿಂದುಮುಂದಾಗಿರಲಿಲ್ಲ, ಭಾಷೆಯೇ ಬೇರೆಯಾಗಿತ್ತು. ಇಲ್ಲಿ ಐ ಅಂದರೆ ಅಕ್ಷರವಲ್ಲ, ರೋಮನ್ ಅಂಕಿ ಒಂದು. ಆಸ್ಟ್ರಿಯಾ-ಹಂಗೇರಿಗಳ ದೊರೆ ಒಂದನೇ ಫ್ರಾಂಜ್ ಜೋಸೆಫ್‌ನ ಹೆಸರನ್ನು ಜರ್ಮನ್‌ನಲ್ಲಿ ಬರೆದರೆ ಅಂಕಿ ಕೊನೆಗೆ ಬರುತ್ತದೆ. ಹಂಗೇರಿಯನ್‌ನಲ್ಲಿ ಮೊದಲು ಅಂಕಿ, ಆಮೇಲೆ ಫೆರೆಂಟ್ಸ್ ಯೋಜೆಫ್. ನಾವೂ ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಅನ್ನುತ್ತೇವಲ್ವಾ, ಹಾಗೇ. ಐ-ಎಫ್-ಜೆ ಬಿಲ್ಲೆ ಹಾಕುತ್ತಿದ್ದವರು ಹಂಗೇರಿಯ ಸ್ವಂತ ನಾಡಪಡೆಯವರು. ಅದರ ಹೆಸರು ಹೊನ್‌ವೇದ್. ಹೊನ್ ಎಂದರೆ ನಾಡು, ವೇದ್ ಎಂದರೆ ಕಾಯು.

ಈ ಹೆಸರು ಮೊದಲು ಮೊಳಗಿದ್ದು ಇದೇ ದೊರೆಯ ವಿರುದ್ಧ. 1848ರ ಕ್ರಾಂತಿಯಲ್ಲಿ ಹಂಗೇರಿಯ ಹೊಸ ಸರ್ಕಾರ ಹತ್ತು ದಳಗಳಿಂದ ಶುರು ಮಾಡಿದ ಪಡೆ ಅದು. ಕ್ರಾಂತಿಯ ಮುಂದಾಳು ಲಾಯೋಶ್ ಕೊಶೂತ್ ಊರೂರು ಸುತ್ತಿ, ಭಾಷಣ ಮಾಡಿ ಹುಡುಗರನ್ನು ಸೇರಿಸಿದರು. ಪಡೆ ಎಷ್ಟು ಜೋರಾಗಿತ್ತೆಂದರೆ, ಫ್ರಾಂಜ್ ಜೋಸೆಫ್ ಕೊನೆಗೆ ರಷ್ಯಾದ ಜಾರ್ ದೊರೆಯ ಸಹಾಯ ಕೇಳಬೇಕಾಯಿತು. 1849ರ ಆಗಸ್ಟ್ 13ರಂದು ವಿಲಾಗೋಶ್‌ನಲ್ಲಿ ಹೊನ್‌ವೇದ್ ಆಯುಧ ಕೆಳಗಿಟ್ಟಿತು. ಆಸ್ಟ್ರಿಯನ್ನರ ಮುಂದಲ್ಲ, ಬೇಕಂತಲೇ ರಷ್ಯನ್ನರ ಮುಂದೆ. ಅಕ್ಟೋಬರ್ 6ರಂದು ಅರಾದ್ ಕೋಟೆಯಲ್ಲಿ 13 ಸೇನಾನಾಯಕರನ್ನು ಕೊಂದರು.

ಕ್ರಾಂತಿಯ ಪರ ನಿಂತಿದ್ದ ಗ್ಯೂಲಾ ಆಂದ್ರಾಶಿ ಆಗ ದೇಶದ ಹೊರಗಿದ್ದರು. ಆಳು ಸಿಗಲಿಲ್ಲವಲ್ಲ, 1851ರಲ್ಲಿ ಅವರ ಹೆಸರನ್ನೇ ಗಲ್ಲಿಗೇರಿಸಿದರು.

1866ರಲ್ಲಿ ಪ್ರಷ್ಯಾ ಕೈಲಿ ಸೋತ ಮೇಲೆ ವಿಯೆನ್ನಾ ಮೆತ್ತಗಾಯಿತು. ಮರುವರ್ಷ ಹಂಗೇರಿಯ ಜೊತೆ ರಾಜಿ. ಗಲ್ಲಿಗೇರಿದ ಹೆಸರಿನ ಅದೇ ಆಂದ್ರಾಶಿ ಈಗ ಹಂಗೇರಿಯ ಪ್ರಧಾನಿ, ರಕ್ಷಣಾ ಮಂತ್ರಿಯೂ ಅವರೇ. ಬುಡಾದಲ್ಲಿ ಫ್ರಾಂಜ್ ಜೋಸೆಫ್ ತಲೆಗೆ ಹಂಗೇರಿಯ ಕಿರೀಟ ಇಟ್ಟ ಕೈಗಳಲ್ಲಿ ಅವರ ಕೈಯೂ ಇತ್ತು! 1868ರ ಡಿಸೆಂಬರ್‌ನಲ್ಲಿ ಹೊನ್‌ವೇದ್ ಕಾಯ್ದೆ ಬಂತು. ಇಡೀ ಸಾಮ್ರಾಜ್ಯಕ್ಕೊಂದು ಜಂಟಿ ಸೈನ್ಯ, ಆಸ್ಟ್ರಿಯಾಕ್ಕೊಂದು ನಾಡಪಡೆ, ಹಂಗೇರಿಗೆ ಹೊನ್‌ವೇದ್.

ಜಂಟಿ ಸೈನ್ಯದಲ್ಲಿ ಯಾವ ಭಾಷೆಯವನೇ ಇರಲಿ, ಸುಮಾರು 80 ಜರ್ಮನ್ ಆಜ್ಞೆಗಳನ್ನು ಬಾಯಿಪಾಠ ಮಾಡಲೇಬೇಕು. ಅಲ್ಲಿ ಸಾವಧಾನ್‌ಗೆ 'ಹಾಬ್ಟ್ ಆಖ್ಟ್!'. ಹೊನ್‌ವೇದ್‌ನಲ್ಲಿ 'ವಿದ್ಯಾಜ್!'. (ಮೊದಲ ಸಲ ಕೇಳಿದಾಗ ಯಾರೋ ವಿದ್ಯಾಳನ್ನು ಕರೆದ ಹಾಗಾಯ್ತು.) ಆದರೆ ಒಂದು ಕೊಕ್ಕೆ: ಹೊನ್‌ವೇದ್‌ಗೆ ಫಿರಂಗಿ ಕೊಡಲಿಲ್ಲ. ಕಾಲಾಳು, ಕುದುರೆ ಸವಾರರು, ಅಷ್ಟೇ. 1849 ಅರಮನೆಗೆ ಮರೆತಿರಲಿಲ್ಲ ಅಂತಲೇ ನನಗನಿಸುತ್ತದೆ. 1912ರ ಕಾಯ್ದೆ ಬರುವವರೆಗೂ, ಅಂದರೆ ನಲವತ್ತಕ್ಕೂ ಜಾಸ್ತಿ ವರ್ಷ, ಸ್ವಂತ ಫಿರಂಗಿ ದಳವಿಲ್ಲದೆಯೇ ನಡೆಯಿತು. ಅಷ್ಟರಲ್ಲಿ ಇನ್ನೊಂದು ವಿಚಿತ್ರವೂ ಆಗಿತ್ತು. ಜಂಟಿ ಸೈನ್ಯದಲ್ಲೂ ಹಂಗೇರಿಯನ್ ಭಾಷೆ ಬೇಕೆಂಬ ಜಗಳ ಬೆಳೆದು, 1906ರ ಫೆಬ್ರವರಿಯಲ್ಲಿ ದೊರೆ ಬುಡಾಪೆಸ್ಟ್ ಸಂಸತ್ತನ್ನೇ ವಿಸರ್ಜಿಸಿದ. ಸಭಾಂಗಣ ಖಾಲಿ ಮಾಡಿಸಲು ನುಗ್ಗಿದ್ದು ಹೊನ್‌ವೇದ್ ಸೈನಿಕರೇ.

ಮೊದಲ ಮಹಾಯುದ್ಧದಲ್ಲಿ ಈ ಪಡೆಯನ್ನು ಜಂಟಿ ಸೈನ್ಯದ ಸರಿಸಮ ರಣರಂಗಕ್ಕೆ ತಳ್ಳಿದರು. 1915ರ ಮಾರ್ಚ್‌ನಲ್ಲಿ ಪ್ಶೆಮಿಶ್ಲ್ ಕೋಟೆ ರಷ್ಯನ್ನರ ಕೈಸೇರಿದಾಗ ಅದರೊಳಗೆ ಹೊನ್‌ವೇದ್‌ನ 23ನೇ ಡಿವಿಷನ್ನೂ ಸೆರೆಸಿಕ್ಕಿತು. 1918ಕ್ಕೆ ಸಾಮ್ರಾಜ್ಯ ಮುಗಿಯಿತು. ಹೆಸರು ಮಾತ್ರ ಉಳಿಯಿತು. ಈಗಲೂ ಹಂಗೇರಿ ಸೈನ್ಯದ ಹೆಸರು ಹೊನ್‌ವೇದ್‌ಶೇಗ್.

ಇಷ್ಟೆಲ್ಲ ಹೇಳಿದರೂ ಬಿಲ್ಲೆ ತಂದವರ ಮುಖದಲ್ಲಿ ಅನುಮಾನ ಹೋಗಲಿಲ್ಲ. ಕೊನೆಗೆ ಕೇಳಿದೆ, ಪುಶ್ಕಾಶ್ ಗೊತ್ತಾ? ಫುಟ್‌ಬಾಲ್ ಆಟಗಾರ. ಅವರ ಕಿಶ್ಪೆಶ್ಟ್ ಕ್ಲಬ್ಬನ್ನು 1949ರಲ್ಲಿ ಸೈನ್ಯದ ತಂಡ ಮಾಡಿ ಹೊನ್‌ವೇದ್ ಎಂದು ಹೆಸರಿಟ್ಟರು. ಯುದ್ಧ ಮಾಡದಿದ್ದರೂ ಆತನನ್ನು ಜಗತ್ತು ಮೇಜರ್ ಅಂತ ಕರೆದದ್ದು ಅದಕ್ಕೇ.

"ಓ, ಆ ಹೊನ್ವೆಡ್ಡಾ!" ಅಂದರು. ಬಿಲ್ಲೆಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.