ಮೌಸ್ ಹಿಡಿದು ಕತ್ತಿ ವರಸೆ: ತಡೆಯುವ ಬಟನ್ ನಡೆದುಬಂದ ದಾರಿ

ಬಂದೂಕಿನ ಗೇಮ್ ಮಾಡುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಮೌಸ್ ತೋರಿಸಿದ ಕಡೆಗೇ ಗುಂಡು ಹೋಗುತ್ತದೆ. ಕತ್ತಿಯ ಕಥೆ ಹಾಗಲ್ಲ. ಕತ್ತಿ ಎತ್ತಬೇಕು, ಬೀಸಬೇಕು, ಬೀಸಲು ಹೊರಟಿದ್ದನ್ನು ಅರ್ಧಕ್ಕೇ ನಿಲ್ಲಿಸಬೇಕಾಗಬಹುದು, ಎದುರಿನವನ ಅಲಗಿಗೆ ಅಡ್ಡ ಹಿಡಿಯಬೇಕು. ಇಷ್ಟಕ್ಕೆಲ್ಲ ಕೈಯಲ್ಲಿರುವುದು ಎರಡು ಬಟನ್, ಒಂದು ಚಕ್ರ. ಸಾಲದ್ದಕ್ಕೆ ಅದೇ ಮೌಸ್ ನೋಟವನ್ನೂ ತಿರುಗಿಸಬೇಕು. ಮಧ್ಯಯುಗದ ಕಾಳಗವನ್ನು ಯೋಧನ ಕಣ್ಣಿನಿಂದಲೇ ತೋರಿಸುವ ಗೇಮ್‌ಗಳು ಮೂವತ್ತು ವರ್ಷಗಳಿಂದ ಈ ಇಕ್ಕಟ್ಟಿನ ಜೊತೆಗೇ ಗುದ್ದಾಡುತ್ತಿವೆ.

ಈ ಗೇಮ್‌ಗಳನ್ನು ಹೋಲಿಸುವಾಗ ಮಾತು ಹೆಚ್ಚಾಗಿ ಏಟಿನ ಸುತ್ತಲೇ ಸುತ್ತುತ್ತದೆ. ಕತ್ತಿ ಎಷ್ಟು ಭಾರ ಅನಿಸುತ್ತದೆ, ರಕ್ತ ಹೇಗೆ ಚಿಮ್ಮುತ್ತದೆ, ಇಂಥವು. ನನಗೆ ಮುಖ್ಯ ಅನಿಸುವುದು ತಡೆ. ಒಂದು ಗೇಮ್‌ನಲ್ಲಿ ಏಟು ತಡೆಯುವುದು ಹೇಗೆ ಅಂತ ಗೊತ್ತಾದರೆ, ಅಲ್ಲಿ ಏಟು ಹಾಕುವುದು ಹೇಗೆ ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಶುರುವಿನಲ್ಲಿ ತಡೆ ಆಟಗಾರನ ಕೈಯಲ್ಲೇ ಇರಲಿಲ್ಲ. 1992ರ ಅಲ್ಟಿಮಾ ಅಂಡರ್‌ವರ್ಲ್ಡ್‌ನಲ್ಲಿ ಮೌಸ್ ಗುರುತು ತೆರೆಯ ಯಾವ ಭಾಗದಲ್ಲಿದೆ ಅನ್ನುವುದರ ಮೇಲೆ ಏಟು ಬದಲಾಗುತ್ತಿತ್ತು. ಬಟನ್ ಒತ್ತಿ ಹಿಡಿದಷ್ಟೂ ಬಲ ಏರುತ್ತಿತ್ತು. 1996ರ ಡ್ಯಾಗರ್‌ಫಾಲ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೌಸನ್ನು ಎಳೆದ ದಿಕ್ಕಿಗೇ ಆಯುಧ ಬೀಸುತ್ತಿತ್ತು. ಆದರೆ ಒಳಗಿನ ಲೆಕ್ಕ ಮಾತ್ರ ದಾಳದ್ದು. ಮೇಜಿನ ಮೇಲೆ ದಾಳ ಉರುಳಿಸಿ ಆಡುತ್ತಿದ್ದ ಆಟಗಳ ಮನೆತನದಿಂದ ಬಂದ ಗೇಮ್‌ಗಳು ಇವು.

ಆ ಮನೆತನ ಎಷ್ಟು ಗಟ್ಟಿಯಾಗಿತ್ತು ಅನ್ನುವುದು 2002ರ ಮಾರೋವಿಂಡ್ ಆಡಿದವರಿಗೆಲ್ಲ ನೆನಪಿರುತ್ತದೆ. ಎದುರಿಗೇ ನಿಂತ ಶತ್ರುವಿನ ಮೈಯೊಳಗಿಂದ ಅಲಗು ಹಾದು ಹೋಗುತ್ತದೆ. ಕಣ್ಣಾರೆ ಕಾಣುತ್ತದೆ. ಆದರೂ ಏಟು ಬಿದ್ದಿಲ್ಲ. ಪಾತ್ರದ ಪರಿಣತಿ, ಆಯಾಸ ಎಲ್ಲ ಕೂಡಿಸಿ ಗೇಮ್ ಒಳಗೊಳಗೇ ದಾಳ ಹಾಕಿ ಗುರಿ ತಪ್ಪಿತು ಅಂದಿರುತ್ತದೆ. ಗುರಾಣಿಯೂ ಅಷ್ಟೇ. ಅದು ಏಟನ್ನು ತಡೆಯುತ್ತದೋ ಇಲ್ಲವೋ ಅನ್ನುವುದು ಲೆಕ್ಕಾಚಾರದ ಕೈಯಲ್ಲಿ. ನೀವು ಮಾಡುವುದು ಏನೂ ಇಲ್ಲ. ಮೇಲಿನಿಂದ ನೋಡುವ ಗೇಮ್‌ನಲ್ಲಿ ಇದನ್ನು ಸಹಿಸಬಹುದು. ಕಣ್ಣೆದುರೇ ಕತ್ತಿ ಇರುವಾಗ ಕಣ್ಣಿಗೂ ಲೆಕ್ಕಕ್ಕೂ ಜಗಳ ಆಗದೆ ಇರುತ್ತದೆಯೇ? 2006ರ ಒಬ್ಲಿವಿಯನ್ ಆ ದಾಳವನ್ನು ಕೈಬಿಟ್ಟಿತು. ತಾಗಿದರೆ ತಾಗಿದಂತೆ. ತಡೆಯುವ ಬಟನ್ ಕೂಡ ಆಟಗಾರನ ಕೈಗೆ ಬಂತು. ಅದೇ ವರ್ಷ ಬಂದ ಡಾರ್ಕ್ ಮೆಸೈಯಾ, ಶತ್ರುವನ್ನು ಒದ್ದು ಮುಳ್ಳಿನ ಗೋಡೆಗೆ ತಳ್ಳುವ ಖುಷಿಗೆ ಹೆಸರಾಯಿತು.

ಆದರೆ ಒಬ್ಲಿವಿಯನ್‌ನ ತಡೆಯಲ್ಲಿ ಒಂದು ಕೊರತೆ ಇತ್ತು. ಬಟನ್ ಒತ್ತಿ ಹಿಡಿದರೆ ಮುಂದಿನಿಂದ ಬರುವ ಏಟಿಗೆಲ್ಲ ಅದೊಂದೇ ಉತ್ತರ. ಏಟು ಎಡದಿಂದ ಬಂತೋ ಮೇಲಿಂದ ಬಂತೋ ಅಂತ ನೋಡುವ ಕೆಲಸವೇ ಇಲ್ಲ.

ಆ ಕೆಲಸವನ್ನು ಕೊಟ್ಟಿದ್ದು ಟರ್ಕಿಯ ಗೇಮ್. ಅಂಕಾರಾದ ಅರ್ಮಾಗಾನ್ ಯಾವುಜ್ ಮತ್ತು ಇಪೆಕ್ ಯಾವುಜ್ ದಂಪತಿ ಕಟ್ಟಿದ ಟೇಲ್‌ವರ್ಲ್ಡ್ಸ್ ಸಂಸ್ಥೆಯ ಮೌಂಟ್ ಅಂಡ್ ಬ್ಲೇಡ್ 2008ರಲ್ಲಿ ಪೂರ್ಣ ರೂಪದಲ್ಲಿ ಬಂತು. ಇದನ್ನು ಬೆನ್ನ ಹಿಂದಿನಿಂದಲೂ ಆಡಬಹುದು, ಯೋಧನ ಕಣ್ಣಿನಿಂದಲೂ ಆಡಬಹುದು. ಏಟಿಗೆ ನಾಲ್ಕು ದಿಕ್ಕು: ಎಡ, ಬಲ, ಮೇಲಿನಿಂದ ಕಡಿತ, ನೇರ ತಿವಿತ. ಗುರಾಣಿ ಇಲ್ಲದೆ ಬರೀ ಕತ್ತಿಯಿಂದ ತಡೆಯಬೇಕಾದರೆ ತಡೆಗೂ ನಾಲ್ಕು ದಿಕ್ಕು. ಏಟು ಬರುವ ದಿಕ್ಕಿಗೆ ಸರಿಯಾಗಿ ಅಡ್ಡ ಹಿಡಿಯದಿದ್ದರೆ ಪೆಟ್ಟು ತಿನ್ನಬೇಕು. ಇದರ ಜೊತೆಗೆ ವೇಗದ ಲೆಕ್ಕ. ಎದುರಿನವನ ಕಡೆ ನುಗ್ಗುತ್ತಾ ಹೊಡೆದರೆ ಪೆಟ್ಟು ಜಾಸ್ತಿ, ಹಿಂದೆ ಸರಿಯುತ್ತಾ ಹೊಡೆದರೆ ಕಮ್ಮಿ. ಓಡುವ ಕುದುರೆಯ ಮೇಲೆ ಭರ್ಜಿ ಹಿಡಿದು ಬಂದರೆ ಒಂದೇ ಏಟಿಗೆ ಕಥೆ ಮುಗಿಯಿತು.

2010ರ ವಾರ್‌ಬ್ಯಾಂಡ್ ಇದನ್ನು ಆನ್‌ಲೈನ್‌ಗೆ ತಂದಾಗ ಆ ನಾಲ್ಕು ದಿಕ್ಕುಗಳ ಆಳ ಗೊತ್ತಾಯಿತು. ಅಲ್ಲಿ ಎತ್ತಿದ ಕತ್ತಿಯನ್ನು ಹಾಗೇ ಹಿಡಿದಿಟ್ಟುಕೊಳ್ಳಬಹುದು. ಇಬ್ಬರು ನುರಿತವರು ಎದುರಾದರೆ ಹೀಗೆ ನಡೆಯುತ್ತದೆ: ಒಬ್ಬ ಬಲಕ್ಕೆ ಕತ್ತಿ ಎತ್ತುತ್ತಾನೆ, ಇನ್ನೊಬ್ಬ ಆ ಕಡೆಗೆ ತಡೆ ಹಿಡಿಯುತ್ತಾನೆ. ಮೊದಲನೆಯವನು ಹೊಡೆಯದೆ ಏಟನ್ನು ರದ್ದು ಮಾಡಿ ಮೇಲಿನಿಂದ ಎತ್ತುತ್ತಾನೆ, ಎರಡನೆಯವನು ತಡೆ ಬದಲಿಸುತ್ತಾನೆ. ಮತ್ತೆ ರದ್ದು, ಮತ್ತೆ ಬದಲು. ಯಾರ ಕಣ್ಣು ಮೊದಲು ಸೋಲುತ್ತದೋ ಅವನಿಗೆ ಪೆಟ್ಟು. ಈ ಹುಸಿ ಏಟಿಗೆ ಆಟಗಾರರು ಫೀಂಟ್ ಅನ್ನುತ್ತಾರೆ. ವಾರ್‌ಬ್ಯಾಂಡ್‌ನ ಜೀವ ಇರುವುದೇ ಅದರಲ್ಲಿ. ನೋಡೋಕೆ ಒರಟಾಗಿದ್ದರೂ ಅಷ್ಟು ನ್ಯಾಯವಾದ ಗೇಮ್ ಕಮ್ಮಿ. ಸೋತಾಗ ಯಾಕೆ ಸೋತೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಇನ್ನೊಂದು ದಾರಿ ಕೆನಡಾದ ಟೊರಾಂಟೊ ಕಡೆಯಿಂದ ಬಂತು. ಹಾಫ್ ಲೈಫ್ 2 ಎಂಬ ಬಂದೂಕಿನ ಗೇಮ್ ಮೇಲೆ ಅಭಿಮಾನಿಗಳು ಕಟ್ಟಿದ ಏಜ್ ಆಫ್ ಶಿವಲ್ರಿ ಎಂಬ ಮಾಡ್, ಅಂದರೆ ಇರುವ ಗೇಮನ್ನೇ ಬದಲಿಸಿ ಮಾಡಿದ ಗೇಮ್, 2007ರಲ್ಲಿ ಬಂದಿತ್ತು. ಆ ತಂಡವೇ ಮುಂದೆ ಟಾರ್ನ್ ಬ್ಯಾನರ್ ಸ್ಟುಡಿಯೋಸ್ ಆಗಿ, 2012ರಲ್ಲಿ ಶಿವಲ್ರಿ: ಮೆಡೀವಲ್ ವಾರ್‌ಫೇರ್ ತಂದಿತು. ಇಲ್ಲಿ ತಡೆಗೆ ನಾಲ್ಕು ದಿಕ್ಕಿನ ಹಂಗಿಲ್ಲ. ಕತ್ತಿಯಿಂದ ತಡೆಯುವವರಿಗೆ ಸಿಗುವುದು ಒಂದು ಚಿಕ್ಕ ಗಳಿಗೆ ಮಾತ್ರ. ಅಷ್ಟರಲ್ಲಿ ಏಟು ಬಂದು ತಾಗಬೇಕು, ನಿಮ್ಮ ನೋಟವೂ ಬರುವ ಅಲಗಿನ ಕಡೆಗೇ ಇರಬೇಕು. ಬೇಗ ಒತ್ತಿದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಯಾವ ಕಡೆಯಿಂದ ಅನ್ನುವ ಪ್ರಶ್ನೆ ಹೋಗಿ ಯಾವಾಗ ಅನ್ನುವ ಪ್ರಶ್ನೆ ಬಂತು.

ಆ ‘ಯಾವಾಗ’ದ ಮೇಲೆಯೇ ಮುಂದಿನ ವರ್ಷಗಳ ಜಗಳ ಹುಟ್ಟಿದ್ದು. ಶಿವಲ್ರಿಯ ಏಟಿಗೆ ಮೂರು ಘಟ್ಟ: ಆಯುಧ ಹಿಂದಕ್ಕೆ ಎತ್ತುವುದು, ಬೀಸುವುದು, ಬೀಸಿದ ಮೇಲೆ ಸಾವರಿಸಿಕೊಳ್ಳುವುದು. ಗಾಯ ಆಗುವುದು ನಡುವಿನ ಘಟ್ಟದಲ್ಲಿ. ಅದರ ಮೊದಲಲ್ಲಿ ತಾಗಲಿ, ಕೊನೆಯಲ್ಲಿ ತಾಗಲಿ, ಪೆಟ್ಟು ಪೆಟ್ಟೇ. ಆಟಗಾರರು ಇದನ್ನು ಬೇಗ ಕಂಡುಕೊಂಡರು. ಬಲದಿಂದ ಎಡಕ್ಕೆ ಕತ್ತಿ ಬೀಸುತ್ತಿದೆ ಅಂದುಕೊಳ್ಳಿ. ಆಗ ಮೌಸನ್ನೂ ಎಡಕ್ಕೆ ತಿರುಗಿಸಿದರೆ ಏಟು ಬೇಗ ತಲುಪುತ್ತದೆ. ಬಲಕ್ಕೆ ತಿರುಗಿಸಿದರೆ ಅಲಗು ಎದುರಿನವನ ಮುಂದೆ ಗಾಳಿಯಲ್ಲಿ ತೆವಳಿ, ಅವನ ತಡೆಯ ಗಳಿಗೆ ಮುಗಿದ ಮೇಲೆ ಬಂದು ತಾಗುತ್ತದೆ. ಇದೇ ಡ್ರ್ಯಾಗ್. ಇನ್ನೂ ಮುಂದೆ ಹೋದವರು ಬೆನ್ನು ತಿರುಗಿಸಿ ನಿಂತು, ತಲೆಯ ಮೇಲಿಂದ ಬೀಸುವ ಏಟು ಶುರುವಾಗುವ ಕ್ಷಣದಲ್ಲೇ ಹಿಂದಿದ್ದವನಿಗೆ ತಾಗಿಸುವುದನ್ನು ಕಲಿತರು. ಸೊಂಟ ಮುರಿದಂತೆ ಬಾಗಿ ಬುಗುರಿಯಂತೆ ಸುತ್ತುವ ಯೋಧರು ಎಲ್ಲೆಲ್ಲೂ ಕಂಡರು.

ಕೆಲವರಿಗೆ ಇದು ಕಲೆ, ಇನ್ನು ಕೆಲವರಿಗೆ ಮೋಸ. ಎರಡೂ ಕಡೆಯ ಮಾತಿನಲ್ಲಿ ನಿಜ ಇದೆ. ಡ್ರ್ಯಾಗ್ ಇಲ್ಲದಿದ್ದರೆ ಇಂಥ ಗೇಮ್ ಬೇಗ ಬತ್ತಿಹೋಗುತ್ತದೆ. ಕಾರಣ ಸರಳ. ಕಣ್ಣಿಗೆ ಕಂಡಿದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು. ಆನ್‌ಲೈನ್‌ನಲ್ಲಿ ಅದರ ಮೇಲೆ ಪಿಂಗ್ ಬೇರೆ, ಅಂದರೆ ಇಂಟರ್ನೆಟ್‌ನಲ್ಲಿ ಸಂದೇಶ ಹೋಗಿಬರಲು ಹಿಡಿಯುವ ಹೊತ್ತು. ಏಟು ಅದಕ್ಕಿಂತ ಬೇಗ ಬಂದರೆ ತಡೆ ಬರೀ ಊಹೆಯಾಗುತ್ತದೆ. ಹಾಗಾಗಿ ಏಟನ್ನು ಬೇಕಂತಲೇ ನಿಧಾನ ಮಾಡಬೇಕು. ನಿಧಾನ ಮಾಡಿದರೆ ನುರಿತವರು ಪ್ರತಿ ಏಟನ್ನೂ ತಡೆಯುತ್ತಾರೆ, ಕಾಳಗ ಮುಗಿಯೋದೇ ಇಲ್ಲ. ಆ ಸಮಯವನ್ನು ಕದಡುವ ಏನಾದರೊಂದು ಬೇಕೇ ಬೇಕು. ಆದರೆ ಹೊಸದಾಗಿ ಬಂದವನ ಕಣ್ಣಿಗೆ ಕತ್ತಿ ಕತ್ತಿಯಂತೆ ಚಲಿಸದಿದ್ದರೆ, ಅವನು ಏನನ್ನು ನೋಡಿ ಕಲಿಯಬೇಕು?

ಸ್ಲೊವೇನಿಯಾದ ಟ್ರೈಟರ್ನಿಯನ್ ತಂಡ 2019ರ ಏಪ್ರಿಲ್‌ನಲ್ಲಿ ತಂದ ಮೊರ್ಡ್‌ಹೌ ಕಲೆ ಅನ್ನುವವರ ಪಕ್ಷ ಹಿಡಿಯಿತು. ಡ್ರ್ಯಾಗ್ ಇಲ್ಲಿ ಆಟದ ಅಧಿಕೃತ ಭಾಗ. ತಿರುಗುವ ವೇಗಕ್ಕೆ ಮಿತಿ ಇಟ್ಟು ಅದನ್ನು ಹದಕ್ಕೆ ತಂದರು. ಮೌಸ್ ಸರಿಸಿದ ಕೋನಕ್ಕೇ ಕತ್ತಿ ಬೀಸುತ್ತದೆ, ಮೂರೋ ನಾಲ್ಕೋ ದಿಕ್ಕಿನ ಮಿತಿ ಇಲ್ಲ. ಬೀಸಲು ಎತ್ತಿದ ಕತ್ತಿಯನ್ನು ನಡುವೆ ತಿವಿತಕ್ಕೆ ಬದಲಿಸುವುದು ಮಾರ್ಫ್. ಬರುತ್ತಿರುವ ಏಟಿನ ಕೋನಕ್ಕೆ ಹೊಂದುವ ಏಟನ್ನೇ ಸರಿಯಾದ ಹೊತ್ತಿಗೆ ಹಾಕಿ ಅದನ್ನು ತಡೆಯುವುದು ಚೇಂಬರ್. ಇದರ ಮೂಲ ರೂಪ ವಾರ್‌ಬ್ಯಾಂಡ್‌ನಲ್ಲೇ ಇತ್ತು. ಫೀಂಟ್‌ಗೂ ಮಾರ್ಫ್‌ಗೂ ಸ್ಟ್ಯಾಮಿನಾ, ಅಂದರೆ ಯೋಧನ ದಮ್ಮು, ಖರ್ಚಾಗುತ್ತದೆ. ಅದು ಬರಿದಾದಾಗ ಏಟು ತಡೆದರೆ ಕೈಯಲ್ಲಿನ ಆಯುಧ ಹಾರಿಹೋಗುತ್ತದೆ. ಇಬ್ಬರು ಸರಿಸಮರು ಎದುರಾದಾಗ ಇದಕ್ಕಿಂತ ಸೊಗಸಾದ ದ್ವಂದ್ವವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಹೊಸಬರಿಗೆ ಅದು ಕಲ್ಲುಬೆಟ್ಟ. ಹೊಡೆದವನ ಮುಖ ನೋಡುವ ಮೊದಲೇ ಸತ್ತಿರುತ್ತಾರೆ.

2021ರ ಜೂನ್‌ನಲ್ಲಿ ಬಂದ ಶಿವಲ್ರಿ 2 ಹೊಸಬರ ಕೈ ಹಿಡಿಯಲು ನೋಡಿತು. ತಡೆಯನ್ನು ಒತ್ತಿ ಹಿಡಿಯಬಹುದು, ಸ್ಟ್ಯಾಮಿನಾ ಇರುವವರೆಗೆ. ಡ್ರ್ಯಾಗ್‌ಗೆ ಕಡಿವಾಣ ಬಿತ್ತು. ಎದುರಿನವನ ಏಟಿನ ಬಗೆಯನ್ನೇ ಸಮಯಕ್ಕೆ ಸರಿಯಾಗಿ ಹಾಕಿದರೆ ಕೌಂಟರ್ ಆಗುತ್ತದೆ. 64 ಜನ ಒಟ್ಟಿಗೆ ಕೂಗಾಡುತ್ತಾ ನುಗ್ಗುವ ಗದ್ದಲಕ್ಕೆ ಈ ಸರಳತೆ ಹೊಂದುತ್ತದೆ. ಒಬ್ಬರಿಗೊಬ್ಬರು ಕಾದಾಡುವಾಗ ಮಾತ್ರ ಅದು ಸ್ವಲ್ಪ ತೆಳು ಅನಿಸುತ್ತದೆ.

ಒಬ್ಬಂಟಿ ಆಟದ ಕಡೆಗೆ ಬಂದರೆ ಲೆಕ್ಕ ಬೇರೆ. ಅಲ್ಲಿ ಪಿಂಗ್ ಇಲ್ಲ, ಎದುರಾಳಿಗೆ ಸಿಟ್ಟು ಬರುವುದಿಲ್ಲ. ಪ್ರಾಗ್‌ನ ವಾರ್‌ಹಾರ್ಸ್ ಸ್ಟುಡಿಯೋಸ್ 2018ರಲ್ಲಿ ತಂದ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 1403ರ ಬೊಹೆಮಿಯಾದಲ್ಲಿ, ಅಂದರೆ ಈಗಿನ ಚೆಕ್ ದೇಶದಲ್ಲಿ, ನಡೆಯುವ ಕಥೆ. ತೆರೆಯ ನಡುವೆ ಐದು ಮೂಲೆಯ ನಕ್ಷತ್ರ, ಐದು ಕಡೆಯಿಂದ ಕಡಿತ, ಜೊತೆಗೆ ತಿವಿತ. ಕವಚ ಪದರ ಪದರವಾಗಿ ಲೆಕ್ಕಕ್ಕೆ ಬರುತ್ತದೆ. ಉಕ್ಕಿನ ಹಲಗೆಯ ಮೇಲೆ ಕತ್ತಿಯ ಕಡಿತ ಜಾರುತ್ತದೆ, ಗದೆ ಕೆಲಸ ಮಾಡುತ್ತದೆ. ಮುಖ ಮುಚ್ಚುವ ಶಿರಸ್ತ್ರಾಣ ಹಾಕಿದರೆ ಲೋಕ ಒಂದು ಸೀಳಿನಷ್ಟೇ ಕಾಣುತ್ತದೆ. ಯೋಧನ ಕಣ್ಣಿನಿಂದಲೇ ಆಡಿಸುವುದಕ್ಕೆ ಇಷ್ಟು ಒಳ್ಳೆಯ ಸಮರ್ಥನೆ ಇನ್ನೊಂದಿಲ್ಲ.

ಆದರೆ ಅಲ್ಲಿಯೂ ತಡೆಯೇ ಎಡವಿತು. ಬರ್ನಾರ್ಡ್ ಎಂಬ ದಳಪತಿ ಮಾಸ್ಟರ್ ಸ್ಟ್ರೈಕ್ ಹೇಳಿಕೊಡುತ್ತಾನೆ. ಅದಾದ ಮೇಲೆ ಸರಿಯಾದ ಗಳಿಗೆಯಲ್ಲಿ ತಡೆದರೆ ಸಾಕು, ಮರು ಏಟು ತಾನಾಗಿಯೇ ಬೀಳುತ್ತದೆ. ಶತ್ರುಗಳಿಗೂ ಅದೇ ವಿದ್ಯೆ ಗೊತ್ತು. ನೀವು ಕಷ್ಟಪಟ್ಟು ಕಲಿತ ಏಟುಗಳ ಸರಣಿ ಅರ್ಧಕ್ಕೇ ತುಂಡಾಗುತ್ತದೆ. ಕೊನೆಗೆ ಸುಮ್ನೆ ನಿಂತು, ಅವನು ಹೊಡೆಯುವವರೆಗೆ ಕಾಯುವುದೇ ಜಾಣತನವಾಗುತ್ತದೆ. 2025ರ ಫೆಬ್ರವರಿಯಲ್ಲಿ ಬಂದ ಎರಡನೇ ಭಾಗ ಇದನ್ನು ತಿದ್ದಿತು. ದಿಕ್ಕುಗಳು ನಾಲ್ಕಕ್ಕೆ ಇಳಿದವು. ಮಾಸ್ಟರ್ ಸ್ಟ್ರೈಕ್ ಕತ್ತಿಗೆ ಮಾತ್ರ, ಅದೂ ಬರುವ ಏಟಿನ ಎದುರು ದಿಕ್ಕಿನಿಂದಲೇ ಹಾಕಬೇಕು. ಅಂದರೆ ಯಾವ ಕಡೆಯಿಂದ ಅಂತ ವಾರ್‌ಬ್ಯಾಂಡ್ ಕೇಳಿದ ಪ್ರಶ್ನೆ ತಿರುಗಿ ಬಂತು.

ಇಷ್ಟೆಲ್ಲ ಆದರೂ ಒಂದು ವಿಷಯ ಯಾರ ಕೈಗೂ ಪೂರ್ತಿ ಸಿಕ್ಕಿಲ್ಲ. 15ನೇ ಶತಮಾನದ ಜರ್ಮನ್, ಇಟಾಲಿಯನ್ ವರಸೆಯ ಕೈಬರಹಗಳಲ್ಲಿ ಎರಡು ಅಲಗು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವ ಗಳಿಗೆಗೆ ಬಹಳ ಬೆಲೆ. ಎದುರಿನವನು ಬಿಗಿಯಾಗಿ ಒತ್ತುತ್ತಿದ್ದಾನೋ ಸಡಿಲ ಬಿಟ್ಟಿದ್ದಾನೋ ಅನ್ನುವುದನ್ನು ಕೈಯಿಂದಲೇ ಗ್ರಹಿಸಿ ಮುಂದಿನ ನಡೆ ಆರಿಸಬೇಕು. ಮೌಸ್ ಆ ಒತ್ತಡವನ್ನು ಕೈಗೆ ಹೇಳುವುದಿಲ್ಲ. ಕಾದಂಬರಿಕಾರ ನೀಲ್ ಸ್ಟೀಫನ್‌ಸನ್ 2012ರಲ್ಲಿ ಜನರಿಂದ ಹಣ ಸೇರಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಐದು ಲಕ್ಷ ಡಾಲರ್‌ಗೂ ಜಾಸ್ತಿ ಹಣ ಕೂಡಿಸಿ, ನಿಜವಾದ ಕತ್ತಿ ವರಸೆಯ ಗೇಮ್ ಮಾಡಲು ಹೊರಟಿದ್ದರು. ಹೆಸರು ಕ್ಲಾಂಗ್. 2014ರಲ್ಲಿ ಅದನ್ನು ಕೈಬಿಟ್ಟರು. ಮಾದರಿ ಆಡಲು ಅಷ್ಟೇನೂ ಮಜಾ ಕೊಡಲಿಲ್ಲ ಅಂತ ಅವರೇ ಒಪ್ಪಿಕೊಂಡರು.

ತಲೆಗೆ ತೆರೆ ಕಟ್ಟಿಕೊಂಡು, ಕೈ ಬೀಸಿಯೇ ಆಡುವ ವಿಆರ್ (ವರ್ಚುವಲ್ ರಿಯಾಲಿಟಿ) ಈಗ ಹತ್ತಿರ ಬಂದಿದೆ. 2018ರ ಕೊನೆಯಿಂದ ಬೆಳೆಯುತ್ತಾ ಬಂದು 2024ರಲ್ಲಿ ಪೂರ್ಣಗೊಂಡ ಬ್ಲೇಡ್ ಅಂಡ್ ಸೋರ್ಸರಿಯಲ್ಲಿ ತಡೆಗೆ ಬಟನ್ನೇ ಬೇಕಿಲ್ಲ. ಕೈಯನ್ನೇ ಅಡ್ಡ ಹಿಡಿಯಬೇಕು. ಭಾರದ ಆಯುಧ ಎತ್ತಿದರೆ ತೆರೆಯ ಮೇಲಿನ ಕೈ ನಿಮ್ಮ ಕೈಗಿಂತ ಹಿಂದೆ ಬೀಳುತ್ತದೆ, ಭಾರ ಇದೆ ಅಂತ ಕಣ್ಣು ನಂಬುತ್ತದೆ. ಆದರೆ ಎದುರಿನವನ ಕತ್ತಿ ನಿಮ್ಮ ಕತ್ತಿಗೆ ಬಡಿದಾಗ ತೆರೆಯ ಮೇಲಿನ ಅಲಗು ನಿಲ್ಲುತ್ತದೆ, ನಿಮ್ಮ ಕೈ ತಡೆಯಿಲ್ಲದೆ ಮುಂದೆ ಹೋಗುತ್ತದೆ.